ಹಾಸಿಗೆ ಮಾರಲು ಬರೆದ ನಾಲ್ಕು ಸಾಲು

ನನಗೆ ಸಿರಾದಲ್ಲಿ ಒಂದು ಕೆಟ್ಟ ಹೆಸರಿದೆ. ಮೇಷ್ಟ್ರು ಚೆನ್ನಾಗಿ ಬರೀತಾರೆ ಅನ್ನುವುದೇ ಆ ಹೆಸರು. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಕನ್ನಡ ಪಾಠ ಮಾಡಿ ನಿವೃತ್ತನಾದ ಮೇಲೆ ಇದು ಇನ್ನೂ ಜಾಸ್ತಿಯಾಗಿದೆ. ಮದುವೆಯ ಕರೆಯೋಲೆ, ವರ್ಗವಾದ ಅಧಿಕಾರಿಗೆ ಬಿನ್ನವತ್ತಳೆ, ಹೋದವರಿಗೆ ಶ್ರದ್ಧಾಂಜಲಿ, ಎಲ್ಲಕ್ಕೂ ಜನ ನನ್ನ ಮನೆ ಬಾಗಿಲಿಗೇ ಬರುತ್ತಾರೆ. ನಾನೂ ಅಷ್ಟೇ, ಬಾಯಲ್ಲಿ ಬೇಡ ಬೇಡ ಎನ್ನುತ್ತಲೇ ಕೈಯಲ್ಲಿ ಪೆನ್ನಿನ ಕ್ಯಾಪು ತೆಗೆದಿರುತ್ತೇನೆ. ನನ್ನ ಹೆಂಡತಿ ಸರೋಜಳಿಗೆ ಮಾತ್ರ ಈ ಕೀರ್ತಿಯ ಬಗ್ಗೆ ಗೌರವವಿಲ್ಲ. "ಅಂಗಡಿ ಚೀಟಿ ಬರೀರಿ ಅಂದ್ರೆ ಸಾಸಿವೆ ಮರೀತೀರ, ಊರೋರಿಗೆಲ್ಲ ಬರ್ಕೊಡ್ತೀರ" ಅನ್ನುತ್ತಾಳೆ. ಅವಳ ಮಾತಿನಲ್ಲಿ ಸುಳ್ಳಿಲ್ಲ. ಹೋದ ವಾರವೂ ಸಾಸಿವೆ ಮರೆತಿದ್ದೆ.

ಹೀಗಿರುವಾಗ ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿನಿ ಶಬಾನಾ ಬಂದಳು. ಮಧುಗಿರಿಯ ಒಂದು ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಾಳೆ, ದಿನಾ ಬಸ್ಸಿನಲ್ಲಿ ಓಡಾಡುತ್ತಾಳೆ. ಅವಳ ತಂದೆ ಖಾದರ್ ಭಾಯಿ ಪೇಟೆ ಬೀದಿಯಲ್ಲಿ ಹತ್ತಿ ಹಾಸಿಗೆ ಹೊಲಿಯುವವರು, ನನಗೆ ನಲವತ್ತು ವರ್ಷದ ಸ್ನೇಹಿತರು. ನನ್ನ ಮದುವೆಯ ಹಾಸಿಗೆ ಹೊಲಿದದ್ದೂ ಅವರೇ. ಅವರ ಅಂಗಡಿಯ ಎದುರಿಗೆ ಮೂರು ವರ್ಷದ ಹಿಂದೆ ಗಾಜಿನ ಬಾಗಿಲಿನ ಫೋಮ್ ಹಾಸಿಗೆ ಅಂಗಡಿಯೊಂದು ಬಂದಿತ್ತು. ಅಂದಿನಿಂದ ಇವರ ಅಂಗಡಿಯತ್ತ ಜನ ಬರುವುದೇ ಕಡಿಮೆಯಾಗಿತ್ತು.

"ಅಬ್ಬಾ ಬೆಳಿಗ್ಗೆಯಿಂದ ಸಂಜೆ ತಂಕ ಸುಮ್ನೆ ಕೂತಿರ್ತಾರೆ ಸಾರ್. ಕೈ ಸುಮ್ನಿದ್ರೆ ಅವ್ರಿಗೆ ಊಟ ಸೇರಲ್ಲ" ಎಂದಳು ಶಬಾನಾ. "ಎದುರು ಅಂಗಡಿಯೋರು ನಮ್ಮ ಜಾಗಾನ ಗೋಡೌನ್‌ಗೆ ಕೇಳ್ತಾವ್ರೆ. ಈ ತಿಂಗಳಲ್ಲಿ ಹತ್ತು ಹಾಸಿಗೆ ಕೆಲ್ಸ ಬಂದ್ರೆ ಅಂಗಡಿ ಇರ್ಲಿ, ಇಲ್ದಿದ್ರೆ ಕೊಟ್ಬುಡಾಣ ಅಂತ ಅಬ್ಬಾನೇ ಅಂದವ್ರೆ. ನೀವು ಏನಾರ ಬರ್ಕೊಡಿ ಸಾರ್, ಜನ ಓದಿ ಬರೋ ಹಂಗೆ."

ನನಗೆ ಅವಳ ಮುಖ ನೋಡಲು ಕಸಿವಿಸಿಯಾಯಿತು. ಕಾರಣ ಆಮೇಲೆ ಹೇಳುತ್ತೇನೆ. ಸದ್ಯಕ್ಕೆ ಪೆನ್ನಿನ ಕ್ಯಾಪು ತೆಗೆದೆ.

ಎರಡು ದಿನ ಕೂತು ಕರಪತ್ರ ಬರೆದೆ. ನಿದ್ರಾದೇವಿಯ ಮಡಿಲಿನಿಂದ ಶುರುಮಾಡಿ ಹಂಸತೂಲಿಕಾತಲ್ಪದವರೆಗೆ ಹೋಗಿ, ಕೊನೆಯಲ್ಲಿ ಕೈ ತನ್ನ ಅಭ್ಯಾಸದಂತೆ "ತಾವು ಸಕುಟುಂಬ ಸಪರಿವಾರ ಸಮೇತರಾಗಿ ಆಗಮಿಸಬೇಕಾಗಿ ವಿನಂತಿ" ಎಂದು ಮುಗಿಸಿತು. ಖಾದರ್ ಭಾಯಿಗೆ ಓದಿ ಹೇಳಿದೆ. ಕಣ್ಣು ಮುಚ್ಚಿ ಪೂರ್ತಿ ಕೇಳಿದರು.

"ಬಹುತ್ ಅಚ್ಛಾ ಐತೆ ಮೇಷ್ಟ್ರೆ. ಆದ್ರೆ ಆ ಹಂಸ ಅಂದ್ರೆ ಏನು?"

"ಅದೊಂದು ಪಕ್ಷಿ. ಅದರ ಪುಕ್ಕದ ಹಾಸಿಗೆ ಅಂತ ಅರ್ಥ."

"ನಾನು ಹತ್ತಿ ತುಂಬೋನು ಮೇಷ್ಟ್ರೆ. ಪುಕ್ಕ ಅಂತ ಬರೆದ್ರೆ ನಾಳೆ ಗಿರಾಕಿ ಬಂದು ಹೊಲಿಗೆ ಬಿಚ್ಚಿ ನೋಡಿದ್ರೆ ಏನ್ ಹೇಳ್ಳಿ?"

ಅದು ಕವಿಸಮಯ ಎಂದು ಸಮಾಧಾನ ಮಾಡಿ ಅಚ್ಚು ಹಾಕಿಸಿದೆ. ಬಸ್ ನಿಲ್ದಾಣದಲ್ಲಿ ಕೊರಟಗೆರೆ ಕಡೆಯ ಬಸ್ಸಿಗೆ, ಪಾವಗಡದ ಬಸ್ಸಿಗೆ ಹತ್ತುವವರಿಗೆಲ್ಲ ನಾನೇ ನಿಂತು ಹಂಚಿದೆ. ಗೊರವನಹಳ್ಳಿಯ ದೇವಸ್ಥಾನಕ್ಕೆ ಹೊರಟಿದ್ದ ಒಬ್ಬ ಅಜ್ಜಿ ದೇವಿಯ ಹೆಸರು ಕಂಡು ಕರಪತ್ರವನ್ನು ಕಣ್ಣಿಗೊತ್ತಿಕೊಂಡು ಹೂವಿನ ಬುಟ್ಟಿಯಲ್ಲಿಟ್ಟುಕೊಂಡರು. ಎರಡು ದಿನ ಯಾರೂ ಬರಲಿಲ್ಲ. ಮೂರನೆಯ ದಿನ ಪಾವಗಡದ ಕಡೆಯ ಒಂದು ಕುಟುಂಬ, ಗಂಡ, ಹೆಂಡತಿ, ಅತ್ತೆ, ಇಬ್ಬರು ಮಕ್ಕಳು, ಹೊಸ ಬಟ್ಟೆ ಹಾಕಿಕೊಂಡು ಅಂಗಡಿ ಮುಂದೆ ಇಳಿದರು. ಸುದ್ದಿ ಕೇಳಲು ಅಲ್ಲಿಗೆ ಹೋಗಿದ್ದ ನಾನು ಎದೆಯುಬ್ಬಿಸಿ ಎದ್ದು ನಿಂತೆ. ಯಜಮಾನ ಕರಪತ್ರ ತೋರಿಸಿ, "ಪೆಂಡ್ಲಿ ಎಕ್ಕಡ ಸಾರ್, ಮದ್ವೆ ಎಲ್ಲಿ? ಊಟ ಎಷ್ಟೊತ್ತಿಗೆ?" ಎಂದು ಕೇಳಿದ.

ಖಾದರ್ ಭಾಯಿ ಅವರಿಗೆ ಹೋಟೆಲಿನಿಂದ ಟೀ, ಬನ್ನು ತರಿಸಿ ಕಳಿಸಿದರು. ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು. ಮನೆಗೆ ಬಂದು ಹೇಳಿದರೆ ಸರೋಜ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. "ಸದ್ಯ, ಮದ್ವೆ ಪತ್ರಿಕೆ ತರ ಬರೆದ್ರಿ. ತಿಥಿ ಪತ್ರಿಕೆ ತರ ಬರೆದಿದ್ರೆ ಆ ಹಾಸಿಗೆ ಮ್ಯಾಲೆ ಯಾರು ಮಲಗ್ತಿದ್ರು?"

ಈಗ ಕಸಿವಿಸಿಯ ಕಾರಣ ಹೇಳಿಬಿಡುತ್ತೇನೆ. ಎರಡು ವರ್ಷದ ಹಿಂದೆ ನನಗೆ ಸೊಂಟ ನೋವು ಹಿಡಿದಿತ್ತು. ಎದುರಿನ ಗಾಜಿನ ಅಂಗಡಿಯ ಮೇಲೆ "ಸೊಂಟ ನೋವಿಗೆ ಇಂದೇ ವಿದಾಯ" ಎಂಬ ಫಲಕವಿತ್ತು. ನಾನೇ ಎಷ್ಟೋ ಜನರಿಗೆ ವಿದಾಯ ಬರೆದುಕೊಟ್ಟವನು, ಆದರೂ ನಂಬಿದೆ. ಖಾದರ್ ಭಾಯಿ ಮಧ್ಯಾಹ್ನದ ನಮಾಜಿಗೆ ಹೋಗುವ ಹೊತ್ತು ನೋಡಿಕೊಂಡು, ಒಂದು ಫೋಮ್ ಹಾಸಿಗೆ ಕೊಂಡು, ಆಟೋದಲ್ಲಿ ಹಾಕಿಕೊಂಡು ಮನೆಗೆ ಬಂದುಬಿಟ್ಟೆ. ಅವರು ಹೊಲಿದ ಮದುವೆ ಹಾಸಿಗೆ ಅಟ್ಟ ಸೇರಿತು. ಸೊಂಟ ನೋವು ಎಲ್ಲೂ ಹೋಗಲಿಲ್ಲ, ನನ್ನ ಜೊತೆಗೇ ಆ ಹೊಸ ಹಾಸಿಗೆಯಲ್ಲಿ ಆರಾಮಾಗಿ ಮಲಗಿತು. ಹತ್ತಿ ಹಾಸಿಗೆಯ ಮಹಿಮೆಯನ್ನು ಫೋಮಿನ ಮೇಲೆ ಕೂತು ಬರೆದವನು ನಾನು.

ಕರಪತ್ರ ಮುಗ್ಗರಿಸಿದ ಮೇಲೆ ಶಬಾನಾ ಮೆಲ್ಲಗೆ ಒಂದು ಮಾತು ಹೇಳಿದಳು. "ಸಾರ್, ಪರೀಕ್ಷೆಯಲ್ಲಿ ಪ್ರಶ್ನೆ ಓದದೆ ಉತ್ತರ ಬರೀಬೇಡಿ ಅಂತ ನೀವೇ ಹೇಳ್ತಿದ್ರಿ. ಗಿರಾಕಿ ಏನ್ ಕೇಳ್ತಾರೆ ಅಂತ ಒಂದು ದಿನ ಅಂಗಡೀಲಿ ಕೂತು ನೋಡಿ." ಶಿಷ್ಯರು ನಮ್ಮ ಮಾತನ್ನು ನೆನಪಿಟ್ಟುಕೊಳ್ಳುವುದೇ ಇಂಥ ದಿನಕ್ಕೆ.

ಹೋಗಿ ಕೂತೆ. ಹನ್ನೊಂದು ಗಂಟೆಯ ಸುಮಾರಿಗೆ ಬುಕ್ಕಾಪಟ್ಟಣದಿಂದ ಒಬ್ಬ ಹೆಂಗಸು ಬಂದು, ಮನೆಗೊಂದು ಹೊಸ ಹಾಸಿಗೆ ಬೇಕು ಎಂದಳು. ನಾನಾಗಿದ್ದರೆ ತಕ್ಷಣ ಅಳತೆ ಕೇಳುತ್ತಿದ್ದೆ. ಖಾದರ್ ಭಾಯಿ ಕೇಳಿದ್ದು ಬೇರೆ.

"ಯಾರು ಮಲಗೋದು ಕಣಮ್ಮ?"

"ನಮ್ಮತ್ತೆ. ಮಂಡಿನೋವು. ನಿದ್ದೇನೇ ಮಾಡಕ್ಕಿಲ್ಲ."

"ಯಾವ ಮಗ್ಗುಲಿಗೆ ಮಲಗ್ತಾರೆ?"

ಅವಳು ಯೋಚಿಸಿದಳು. "ಎಡಕ್ಕೆ. ಗೋಡೆ ಕಡೀಕ್ ಮಕ ಮಾಡ್ಕಂಡು."

"ಹಳೇ ಹಾಸಿಗೆ ಐತಾ?"

"ಐತೆ, ಗಂಟು ಗಂಟಾಗ್ಬುಟ್ಟೈತೆ. ಎಸ್ದುಬುಡಾಣ ಅಂತಿದ್ದೆ."

"ಎಸೀಬ್ಯಾಡ. ತಗೊಂಬಾ, ಹಿಂಜಿ ಹೊಲಿದು ಕೊಡ್ತೀನಿ. ಎಡಗಡೆ ಒಂದು ಹಿಡಿ ಹತ್ತಿ ಜಾಸ್ತಿ ತುಂಬ್ತೀನಿ. ಹತ್ತಿ ಚೆನ್ನಾಗಿದ್ರೆ ಹೊಸದು ಯಾಕೆ?"

ಬಂದ ಗಿರಾಕಿಯನ್ನು ಬರಿಗೈಯಲ್ಲಿ ವಾಪಸ್ ಕಳಿಸುವ ಈ ವ್ಯಾಪಾರ ನೋಡಿ ನಾನು ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಆದರೆ ಆ ಹೆಂಗಸು ಮಾರನೆಯ ದಿನ ಹಳೆಯ ಹಾಸಿಗೆ ಹೊತ್ತು ಬಂದಳು. ಜೊತೆಗೆ ಪಕ್ಕದ ಮನೆಯವಳೂ ತನ್ನದನ್ನು ತಂದಿದ್ದಳು. ಖಾದರ್ ಭಾಯಿ ಹೊಲಿಗೆ ಬಿಚ್ಚಿ, ಒಂದು ಹಿಡಿ ಹತ್ತಿ ಮೂಗಿಗೆ ಹಿಡಿದು, ದಬ್ಬಣ ಕೈಗೆತ್ತಿಕೊಂಡರು. ಅಂದು ಅವರು ಊಟದ ಡಬ್ಬಿ ಪೂರ್ತಿ ಖಾಲಿ ಮಾಡಿದರು.

ಆ ಸಂಜೆ ನಾನು ಹೊಸದೇನೂ ಬರೆಯಲಿಲ್ಲ. ಕೇಳಿದ್ದನ್ನೇ ನಾಲ್ಕು ಸಾಲು ಮಾಡಿದೆ. "ಅಟ್ಟದ ಮೇಲಿನ ಹಳೇ ಹಾಸಿಗೆ ಎಸೀಬೇಡಿ. ತಗೊಂಡು ಬನ್ನಿ. ಯಾರು ಮಲಗ್ತಾರೆ, ಯಾವ ಮಗ್ಗುಲಿಗೆ ಮಲಗ್ತಾರೆ ಹೇಳಿ. ಹತ್ತಿ ಚೆನ್ನಾಗಿದ್ರೆ ಖಾದರ್ ಭಾಯಿ ಹೊಸದು ಕೊಡಲ್ಲ." ಶಬಾನಾ ಅದನ್ನು ವಾಟ್ಸಾಪಿಗೆ ಹಾಕಿದಳು. ಮಧುಗಿರಿಯಿಂದ ಮೂರು ಬಂದವು, ನಿಡುಗಲ್ಲಿನಿಂದ ಒಂದು ಟೆಂಪೋದ ಮೇಲೆ ಬಂತು, ಊರೊಳಗಿಂದಲೇ ಇನ್ನು ಮೂರು ಸೇರಿದವು. ತಿಂಗಳ ಕೊನೆಯ ದಿನಕ್ಕೆ ಒಂಬತ್ತಾಗಿತ್ತು. ಹತ್ತನೆಯದು ಬಾರದೆ ನಾನು ಅಂಗಡಿಯ ಮೆಟ್ಟಿಲ ಮೇಲೆ ಕೂತು ಬೀದಿಯ ಎರಡೂ ತುದಿ ನೋಡುತ್ತಿದ್ದೆ.

ನಾಲ್ಕು ಗಂಟೆಗೆ ಒಂದು ಆಟೋ ಬಂದು ನಿಂತಿತು. ಒಳಗೆ ಸುರುಳಿ ಸುತ್ತಿದ ಪಟ್ಟೆ ಬಟ್ಟೆಯ ಹಾಸಿಗೆ, ಅದರ ಪಕ್ಕದಲ್ಲಿ ಸರೋಜ. ನಾನು ಮೆಟ್ಟಿಲಿನಿಂದ ಎದ್ದು ನಿಂತೆ.

"ಫೋನಲ್ಲಿ ಓದ್ದೆ ಭಾಯಿ. ಯಾರು ಬರೆದ್ರೋ, ಚೆನ್ನಾಗಿ ಬರೆದವ್ರೆ" ಎಂದಳು ಸರೋಜ, ನನ್ನ ಕಡೆ ತಿರುಗಿಯೂ ನೋಡದೆ. "ಅಟ್ಟದ ಮ್ಯಾಲಿತ್ತು. ಇವ್ರೇ ಮಲಗೋದು. ಬಲ ಮಗ್ಗುಲಿಗೆ."

ಅಂದು ಶಾಲೆಗೆ ರಜೆ ಹಾಕಿ ಅಂಗಡಿಯಲ್ಲೇ ಇದ್ದ ಶಬಾನಾ ನಗು ತಡೆದುಕೊಂಡು, "ಹತ್ತಾಯ್ತು ಅಬ್ಬಾ" ಎಂದಳು. ನಾನು ನೆಲ ನೋಡುತ್ತಾ, "ಭಾಯಿ, ಎರಡು ವರ್ಷದ ಹಿಂದೆ ನಾನೊಂದು ತಪ್ಪು ಮಾಡಿದೆ" ಎಂದು ಶುರುಮಾಡಿದೆ.

ಖಾದರ್ ಭಾಯಿ ಹಾಸಿಗೆಯ ಹೊಲಿಗೆ ಬಿಚ್ಚುತ್ತಲೇ ಹೇಳಿದರು. "ಗೊತ್ತು ಮೇಷ್ಟ್ರೆ. ಅವತ್ತು ನಮಾಜ್ ಮುಗಿಸ್ಕೊಂಡು ಬರ್ತಿದ್ದೆ. ಮಸೀದಿ ಗೇಟಲ್ಲಿ ನಿಮ್ಮ ಆಟೋಗೆ ದಾರಿ ಬಿಟ್ಟೋನು ನಾನೇ. ಸೊಂಟ ನೋವಿನ ಮನುಷ್ಯ, ಏನ್ ಕೇಳೋದು ಅಂತ ಸುಮ್ನಾದೆ." ಆಮೇಲೆ ಒಂದು ಹಿಡಿ ಹತ್ತಿ ಮೂಗಿಗೆ ಹಿಡಿದು, "ಇನ್ನೂ ಚೆನ್ನಾಗೈತೆ" ಎಂದರು.

ಈಗ ಅಟ್ಟದ ಮೇಲೆ ಫೋಮ್ ಹಾಸಿಗೆ ಇದೆ. ಜಾಗ ಸುಮ್ಮನೆ ತಿನ್ನುತ್ತೆ, ಯಾರಿಗಾದರೂ ಮಾರಿಬಿಡಿ, ನಾಲ್ಕು ಸಾಲು ಬರೆಯೋಕೆ ನಿಮಗೇನು ಕಷ್ಟ ಎನ್ನುತ್ತಾಳೆ ಸರೋಜ. ವಾರದಿಂದ ಪೆನ್ನಿನ ಕ್ಯಾಪು ತೆಗೆದು ಕೂತಿದ್ದೇನೆ. ಇಲ್ಲಿಯವರೆಗೆ ಬರೆದದ್ದು ಒಂದೇ ಸಾಲು: "ಇದರ ಮೇಲೆ ಎರಡು ವರ್ಷ ಮಲಗಿದವನು ಒಬ್ಬ ಕನ್ನಡ ಮೇಷ್ಟ್ರು, ಒಂದು ದಿನವೂ ಸರಿಯಾಗಿ ನಿದ್ದೆ ಮಾಡಲಿಲ್ಲ."