ಮಾರಾಟದ ಪುಟದಲ್ಲಿ ಗಂಡ ಮಲಗಿರುವ ಬಗ್ಗೆ

ನೂಲಿನ ಜೋಲಿ ಹೆಣೆಯುವವರ ಸಹಕಾರ ಸಂಘ
ಆನ್‌ಲೈನ್ ಅಂಗಡಿ ವಿಭಾಗ, ಸಾನ್ ಬ್ರೂನೋ ಗ್ರಾಮ, ಯುಕಾತಾನ್

ಸುತ್ತೋಲೆ ಸಂಖ್ಯೆ: ಜೋಲಿ/ಪುಟ/ಗೊರಕೆ/07

ವಿಷಯ: ಸರಕಿನ ಚಿತ್ರದಲ್ಲಿ ದೋನ್ ಫಿಲಿಬೆರ್ತೋ ಚಾಲೆ ಅವರು ಮಲಗಿರುವ ಕುರಿತು.

ಉಲ್ಲೇಖ: 1) ಚಿತ್ರದಲ್ಲಿ ಯಾರೂ ಇರತಕ್ಕದ್ದಲ್ಲ ಎಂಬ ಈ ವಿಭಾಗದ ಹಿಂದಿನ ಸುತ್ತೋಲೆ.
2) ಅದನ್ನು ಒಬ್ಬರ ಹೊರತು ಯಾರೂ ಓದದಿರುವುದು.

ದೊಡ್ಡವರು ಮಲಗುವ ಈ ಜೋಲಿಯನ್ನು ಬಿಳಿ ಗೋಡೆಯ ಮುಂದೆ ಖಾಲಿಯಾಗಿ ತೂಗುಹಾಕಿ ಚಿತ್ರ ತೆಗೆಯಲು ಆದೇಶಿಸಲಾಗಿತ್ತಷ್ಟೆ. ಸದಸ್ಯೆ ದೋನ್ಯಾ ಮಿರ್ನಾ ಕಾವಿಚ್ ಅವರೊಬ್ಬರೇ ಅದನ್ನು ಚಾಚೂ ತಪ್ಪದೆ ಪಾಲಿಸಿದರು. ಪುಟ ನೋಡಿದವರಲ್ಲಿ ಒಬ್ಬರು ಇದು ಮೀನಿನ ಬಲೆಯೇ ಎಂದೂ, ಇನ್ನೊಬ್ಬರು ಈರುಳ್ಳಿ ಚೀಲವೇ ಎಂದೂ ವಿಚಾರಿಸಿದರು. ಸತ್ತವರ ಹಬ್ಬದೊಳಗೆ ಒಂದೂ ಮಾರದಿದ್ದರೆ ಪುಟ ತೆಗೆಯಲಾಗುವುದೆಂದು ನೋಟಿಸು ಹೋಯಿತು. ಬೇಸಿಗೆಯಿಡೀ ಹೆಣೆದ ಜೋಲಿಯ ಮುಂದೆ ಕೂತು ಅವರು ಅತ್ತದ್ದು ವಿಭಾಗದ ಗಮನಕ್ಕೆ ಬಂದಿದೆ.

ಸೋಮವಾರ ಅವರು ಮತ್ತೊಂದು ಚಿತ್ರ ತೆಗೆಯಲು ಹೊರಟಾಗ, ರಾತ್ರಿ ಕಾವಲು ಕೆಲಸದಿಂದ ನಿವೃತ್ತರಾದಂದಿನಿಂದ ನಿದ್ದೆಯನ್ನೇ ಕಾಣದ ಅವರ ಪತಿ ದೋನ್ ಫಿಲಿಬೆರ್ತೋ, ಹಂದಿಮಾಂಸದ ಕಾಳುಸಾರು ಉಂಡು, ಯಾರ ಅನುಮತಿಯನ್ನೂ ಪಡೆಯದೆ ಜೋಲಿಯೊಳಗೆ ಮಲಗಿಬಿಟ್ಟರು. ಚಿತ್ರ ಹಾಗೆಯೇ ಪುಟ ಸೇರಿತು. ಆದ್ದರಿಂದ ಈ ಮೂಲಕ ಸೂಚಿಸುವುದೇನೆಂದರೆ:

1. ಚಿತ್ರದಲ್ಲಿ ಗಂಡ ಕಂಡುಬಂದದ್ದು ನಿಯಮಬಾಹಿರ. ಆದರೆ ಗಂಡ ಸೇರಿದ ಮೇಲೆ ಜೋಲಿಯ ಅಗಲ, ಬಿಗಿ, ಭಾರ ತಾಳುವ ಶಕ್ತಿ ಒಂದೇ ನೋಟಕ್ಕೆ ತಿಳಿದು, ಅಂದೇ ಸಂಜೆ ಮೆರಿದಾ ನಗರದ ಗ್ರಾಹಕಿಯೊಬ್ಬರು ಕೊಂಡಿರುವುದರಿಂದ ಸದರಿ ಗಂಡನನ್ನು ಸಕ್ರಮಗೊಳಿಸಲಾಗಿದೆ.

2. ಇನ್ನು ಎಲ್ಲ ಪುಟಗಳಲ್ಲೂ ಒಬ್ಬರು ಊರಿನವರ ವಾಡಿಕೆಯಂತೆ ಓರೆಯಾಗಿ ಮಲಗಿರತಕ್ಕದ್ದು. ನೇರವಾಗಿ ಮಲಗಿದವರನ್ನು ಪ್ರವಾಸಿಗರೆಂದು ಪರಿಗಣಿಸಲಾಗುವುದು. ಗಂಡನಿಲ್ಲದ ಸದಸ್ಯೆಯರು ಅರ್ಜಿ ಸಲ್ಲಿಸಿ ದೋನ್ ಫಿಲಿಬೆರ್ತೋ ಅವರನ್ನು ಎರವಲು ಪಡೆಯಬಹುದು. ಗಂಡನಿದ್ದೂ ಚಿತ್ರಕ್ಕೆ ಒಪ್ಪುವಂತಿಲ್ಲದವರೂ ಪಡೆಯಬಹುದು, ಕಾರಣ ಕೇಳಲಾಗುವುದಿಲ್ಲ.

3. ನಿದ್ದೆ ಅಸಲಿಯಾಗಿರಬೇಕು. ತಪಾಸಣಾಧಿಕಾರಿಯು ಕಿವಿಯ ಬಳಿ ಬಿಯರ್ ಬಾಟಲಿಯ ಮುಚ್ಚಳ ತೆಗೆದಾಗ ಎದ್ದು ಕೂತವರ ಪುಟ ರದ್ದು. ಬಾಟಲಿಯ ವಿಲೇವಾರಿ ಅಧಿಕಾರಿಯ ವಿವೇಚನೆಗೆ ಬಿಟ್ಟದ್ದು.

4. ವಿವರಣೆಯಲ್ಲಿ "ಅದ್ಭುತ", "ಅದ್ವಿತೀಯ" ಎಂಬ ಪದಗಳನ್ನು ನಿಷೇಧಿಸಲಾಗಿದೆ. ಜೊಲ್ಲು ಕಾಣುತ್ತಿದ್ದರೆ ಸಾಕು.

5. ಮಂಗಳವಾರ ಬೆಳಿಗ್ಗೆ ಕೊರಿಯರ್‌ನವರು ಬಾಗಿಲಿಗೆ ಬಂದರೂ, ಮಾರಾಟವಾದ ಜೋಲಿಯಿಂದ ದೋನ್ ಫಿಲಿಬೆರ್ತೋ ಎದ್ದಿರುವುದಿಲ್ಲ. ಎಬ್ಬಿಸಲು ವಿಭಾಗವು ಲಿಖಿತವಾಗಿ ಸೂಚಿಸಿದ್ದಕ್ಕೆ ದೋನ್ಯಾ ಮಿರ್ನಾ ಅವರು ನೀಡಿದ ಉತ್ತರ: "ಎಬ್ಬಿಸಲ್ಲ ಸಾರ್. ಕೆಲಸ ಬಿಟ್ಮೇಲೆ ನಮ್ಮೆಜಮಾನ್ರು ನೆಟ್ಟಗೆ ನಿದ್ದೆ ಮಾಡ್ತಿರೋದು ಇವತ್ತೇ. ಬೇಕಾದ್ರೆ ನನ್ನ ಪುಟ ತೆಗೆದ್ಬಿಡಿ."

6. ವಿಷಯವನ್ನು ಗ್ರಾಹಕಿಗೆ ತಿಳಿಸಿ ಕ್ಷಮೆ ಕೋರಲಾಯಿತು. ಅವರ ಉತ್ತರ: "ಅಯ್ಯೋ, ಎಬ್ಬಿಸ್ಬೇಡಿ. ಅದು ಅವರಿಗೇ ಇರ್ಲಿ, ನನಗೆ ಬೇರೆ ಹೆಣೆದುಕೊಡಿ, ಕಾಯ್ತೀನಿ. ನನಗೂ ನಿದ್ದೆ ಬರಲ್ಲ."

7. ಆದ್ದರಿಂದ ನೋಟಿಸನ್ನು ಹಿಂಪಡೆಯಲಾಗಿದೆ. ಪುಟ ಇರುತ್ತದೆ. ಈ ಸುತ್ತೋಲೆಯನ್ನು ಪಿಸುದನಿಯಲ್ಲಿ ಓದತಕ್ಕದ್ದು.

(ಸಹಿ)
ರೂಸೆಲ್ ಪೆಚ್
ವಿಭಾಗಾಧಿಕಾರಿ
(ಜೋಲಿಯಲ್ಲಿ ತಪಾಸಣೆ ನಡೆಸುತ್ತಿದ್ದುದರಿಂದ ಸಹಿ ಓರೆಯಾಗಿದೆ)

ಪ್ರತಿಗಳು:
1. ಚರ್ಚಿನ ಪಾದ್ರಿಗಳಿಗೆ, ಮಧ್ಯಾಹ್ನದ ಗಂಟೆಯನ್ನು ಮರುಪರಿಶೀಲಿಸುವ ಕೋರಿಕೆಯೊಂದಿಗೆ.
2. ಪಕ್ಕದ ಮನೆಯ ಹುಂಜದ ಮಾಲೀಕರಿಗೆ, ಸೂಕ್ತ ಕ್ರಮಕ್ಕಾಗಿ.
3. ಕೊರಿಯರ್‌ನವರಿಗೆ, ಕೂರಲು ಸ್ಟೂಲ್ ಸಹಿತ.
4. ದೋನ್ಯಾ ಮಿರ್ನಾ ಕಾವಿಚ್ ಅವರಿಗೆ, ಹೊಸ ನೂಲಿನೊಂದಿಗೆ.
5. ದೋನ್ ಫಿಲಿಬೆರ್ತೋ ಚಾಲೆ ಅವರಿಗೆ. ಅವಸರವಿಲ್ಲ.