ಕಾಲು ತೊಳೆಸಿಕೊಂಡ ಗುರುವಾರ

ನಾನು ಓದು ನಿಲ್ಲಿಸಿದ್ದು 1989ರಲ್ಲಿ, ಏಳನೇ ತರಗತಿಯಲ್ಲಿ. ಉಳಿದದ್ದನ್ನೆಲ್ಲ ಕಬ್ಬಿಣ ಕಲಿಸಿತು. ನಮ್ಮ ಚಿನ್ನದ ಗಣಿ ಸೀಮೆಯಲ್ಲಿ ಊರಿಗಾಂನಿಂದ ಚಾಂಪಿಯನ್ ರೀಫ್ಸ್‌ವರೆಗೆ ಯಾವ ಗೇಟಾದರೂ ಕಿರುಗುಟ್ಟದೆ ತೆರೆದುಕೊಂಡರೆ ಅದು ನನ್ನ ವೆಲ್ಡಿಂಗ್ ಅಂಗಡಿಯದ್ದೇ ಎಂದು ತಿಳಿಯಿರಿ. ಇಂಥ ನಾನು ನನ್ನ ಸ್ವಂತ ಕಾಲು ತೊಳೆದುಕೊಳ್ಳಲು ಹೋಗಿ ಸೋತೆ.

ನನ್ನ ಮಗ ಅಂತೋಣಿ ನರ್ಸಿಂಗ್ ಓದಿ ಬಂಗಾರಪೇಟೆಯ ಒಂದು ಆಸ್ಪತ್ರೆಗೆ ಸೇರಿದ. ನನ್ನನ್ನು ಕೇಳಿ ಸೇರಲಿಲ್ಲ. ಅವನನ್ನು ಕೇಳದೆ ನಾನೂ ಅಂಗಡಿಯ ಬೋರ್ಡಿನಲ್ಲಿ ‘ಅಂಡ್ ಸನ್ಸ್’ ಎಂದು ಬರೆಸಿಬಿಟ್ಟಿದ್ದೆ. ಇರುವವನು ಒಬ್ಬನೇ. ಇಬ್ಬರು ಮೂವರು ಇದ್ದ ಹಾಗೆ ಕಂಡರೆ ಗತ್ತು ಎಂದು ಬೋರ್ಡ್ ಬರೆಯುವವನು ಹೇಳಿದ್ದ.

ಅಂದಿನಿಂದ ಅಪ್ಪ ಮಗನ ಮಾತುಕತೆಯೆಲ್ಲ ನನ್ನ ಹೆಂಡತಿ ಸ್ಟೆಲ್ಲಾಳ ಮೂಲಕ.

“ನಿನ್ ಮಗನಿಗೆ ಏಳು, ಬೈಕ್‌ಗೆ ಗಾಳಿ ಇಲ್ಲ” ಎಂದು ಅವಳಿಗೆ ನಾನು.

“ನೈನಾಗೆ ಏಳಮ್ಮ, ನೋಡ್ದೆ ಅಂತ” ಎಂದು ಅವನು. ನೈನಾ ಎಂದರೆ ಅಪ್ಪ, ಅಂದರೆ ನಾನು.

ಒಂದೇ ಬೆಂಚಿನ ಮೇಲೆ ಕೂತು!

ಪವಿತ್ರ ಗುರುವಾರ, ಯೇಸುಸ್ವಾಮಿ ಶಿಷ್ಯರ ಪಾದ ತೊಳೆದ ನೆನಪಿಗೆ, ನಮ್ಮ ಚರ್ಚಿನಲ್ಲಿ ಗುರುಗಳು ಹನ್ನೆರಡು ಮಂದಿಯ ಪಾದ ತೊಳೆಯುವುದು ವಾಡಿಕೆ. ಈ ವರ್ಷ ಅವರು ಆರು ಜೋಡಿ ಅಪ್ಪ ಮಕ್ಕಳನ್ನು ಆರಿಸಿ, “ನೀವೇ ಒಬ್ಬರ ಪಾದ ಒಬ್ಬರು ತೊಳೆಯಿರಿ” ಎಂದರು. ನಾವೂ ಒಂದು ಜೋಡಿ. ಸ್ಟೆಲ್ಲಾ ಹೋಗಿ ಹೇಳಿರದೆ ಗುರುಗಳಿಗೆ ಹೇಗೆ ತಿಳಿಯಬೇಕು?

“ಅವನು ಬತ್ತಾನಾ?” ಅಂದೆ.

“ನೀವು ಬತ್ತೀರಾ ಅಂತ ಅವನೂ ಕೇಳ್ದ” ಅಂದಳು.

ತೊಳೆಸಿಕೊಳ್ಳಲು ಹೋಗುವವರು ಮನೆಯಲ್ಲೇ ಚೆನ್ನಾಗಿ ತೊಳೆದುಕೊಂಡು ಹೋಗುವುದು ನಮ್ಮಲ್ಲಿ ಎಲ್ಲರೂ ಪಾಲಿಸುವ, ಯಾರೂ ಬಾಯಿ ಬಿಡದ ನಿಯಮ. ನಾನು ಕಾಲು ನೋಡಿಕೊಂಡೆ. ವರ್ಷಗಟ್ಟಲೆ ಗೇಟಿಗೆ ಹೊಡೆದ ರೆಡ್ ಆಕ್ಸೈಡ್ ಬಣ್ಣ ಉಗುರಿನ ಸಂದಿಯಲ್ಲೆಲ್ಲ ಮನೆ ಮಾಡಿತ್ತು. ಮಗ ದಿನವೂ ಬಿಳಿ ಬಟ್ಟೆ ಹಾಕುವವನು. ಇದನ್ನು ಅವನ ಕೈಗೆ ಕೊಡುವುದೇ?

ಮೊದಲು ಸೀಮೆಎಣ್ಣೆ ಹಚ್ಚಿದೆ. ಕಾಲು ಹೊಳೆಯಿತು, ಬಣ್ಣವೂ ಹೊಳೆಯಿತು. ಆಮೇಲೆ ಥಿನ್ನರ್. ಚರ್ಮ ಉರಿಯತೊಡಗಿತು, ಬಣ್ಣ ಕದಲಲಿಲ್ಲ. ನಾನು ಹೊಡೆದ ಬಣ್ಣ ಎಷ್ಟು ಗಟ್ಟಿ ಎಂದು ಒಂದು ಗಳಿಗೆ ಹೆಮ್ಮೆಯೂ ಆಯಿತು. ತುಕ್ಕು ತೆಗೆಯುವ ತಂತಿ ಬ್ರಷ್ ಕೈಗೆತ್ತಿಕೊಂಡೆ.

ಪಕ್ಕದ ಮನೆ ರಾಜಣ್ಣ ಗೋಡೆ ಮೇಲಿಂದ ಇಣುಕಿದ. “ಏನಣ್ಣಾ, ಕಾಲಿಗೂ ಪ್ರೈಮರ್ ಒಡೀತೀಯಾ?”

“ನಿನ್ ಕೆಲ್ಸ ನೋಡ್ಕೊಳ್ಲಾ” ಎನ್ನುತ್ತ ಜೋರಾಗಿ ಉಜ್ಜಿದೆ. ಹೆಬ್ಬೆರಳಿನ ಉಗುರು ಬಣ್ಣವನ್ನು ಬಿಡಲಿಲ್ಲ, ಬೆರಳನ್ನು ಬಿಟ್ಟಿತು.

ಸ್ಟೆಲ್ಲಾ ಓಡಿ ಬಂದು ಬೈಯುತ್ತಲೇ ಎರಡೂ ಕಾಲಿಗೆ ಅರಿಶಿನ ಮೆತ್ತಿದಳು. ಸಂಜೆಗೆ ಪಾದ ಊದಿ, ಚಪ್ಪಲಿಯೊಳಗೆ ಹೋಗಲಿಲ್ಲ. ಮದುವೆ ಗಂಡಿನಂತೆ ಹಳದಿ ಕಾಲಿನಲ್ಲಿ, ಬರಿಗಾಲಲ್ಲೇ ಚರ್ಚಿಗೆ ಹೋದೆ. ಭಕ್ತಿ ಎಂದು ನಾಲ್ಕು ಜನ ಕೈ ಮುಗಿದರು.

ನಮ್ಮ ಸರದಿ ಬಂತು. ಅಂತೋಣಿ ಬೋಗುಣಿ ಇಟ್ಟು ಮಂಡಿಯೂರಿ, ನನ್ನ ಬಲಗಾಲು ಎತ್ತಿಕೊಂಡ. ನೋಡಿದ. ಕೆಳಗಿಟ್ಟ.

“ನಾನ್ ತೊಳೆಯಲ್ಲ” ಎಂದು ಎದ್ದು ಸರಸರನೆ ಹೊರಗೆ ನಡೆದ.

ಹಿಂದಿನ ಬೆಂಚುಗಳಲ್ಲಿ ಗುಸುಗುಸು ಎದ್ದಿತು. ಸ್ಟೆಲ್ಲಾ ಸೆರಗು ಬಾಯಿಗಿಟ್ಟುಕೊಂಡಳು. ಗಾನವೃಂದದವರು ಏನೂ ತೋಚದೆ ಅದೇ ಹಾಡನ್ನು ಮೊದಲಿಂದ ಶುರುಮಾಡಿದರು. ನನಗೆ ಕಾಲಿನ ಉರಿ ಮರೆತುಹೋಯಿತು. ಸ್ವಾಮಿ, ನನ್ನ ಗತ್ತು ಬೇಕಾದರೆ ಪೂರ್ತಿ ತೆಗೆದುಕೋ, ಅವನನ್ನು ಮಾತ್ರ ವಾಪಸು ಕಳಿಸು ಎಂದು ಬೇಡಿಕೊಂಡೆ. ಅಷ್ಟು ಚಿಕ್ಕ ಪ್ರಾರ್ಥನೆಯನ್ನು ನಾನು ಯಾವತ್ತೂ ಮಾಡಿದವನಲ್ಲ.

ಬೈಕಿನ ಬ್ಯಾಗು ಹಿಡಿದು ಅವನು ಓಡುತ್ತಾ ಬಂದ.

“ಈ ಗಾಯಕ್ಕೆ ಆ ನೀರು ಆಕ್ಬಾರ್ದು ಫಾದರ್, ಸೆಪ್ಟಿಕ್ ಆಗ್ತದೆ” ಎಂದು ಗುರುಗಳಿಗೆ ಹೇಳಿ, ನನ್ನ ಕಡೆ ತಿರುಗಿದ. “ಏನ್ ನೈನಾ, ಇದು ಕಾಲಾ, ಗೇಟಾ?”

ಎಷ್ಟೋ ಕಾಲದ ಮೇಲೆ ನೇರವಾಗಿ ನನಗೇ ಆಡಿದ ಮಾತು!

“ನಿನ್ ಕೈ ಕೊಳೆ ಆಗ್ತದೆ ಅಂತ…”

“ನನ್ ಕೈ ಇರೋದೇ ಅದಕ್ಕೆ. ಅಲ್ಲಾಡ್ಬೇಡ.”

ಸಲೈನ್ ಸುರಿದು, ಅರಿಶಿನ ತೊಳೆದು, ಔಷಧಿ ಇಟ್ಟು ಪಟ್ಟಿ ಸುತ್ತಿದ. ಅವನ ಕೈ ಅಷ್ಟು ಹಗುರ ಎಂದು ನನಗೆ ಗೊತ್ತೇ ಇರಲಿಲ್ಲ. ಗಾನವೃಂದದವರು ಹಾಡನ್ನು ಮತ್ತೆ ಮತ್ತೆ ಹಾಡಿ ಗಂಟಲು ಕಟ್ಟಿಸಿಕೊಂಡರು.

ಈಗ ನನ್ನ ಸರದಿ. ಗುರುಗಳು ಬೇಡ ಅಂದರೂ ಕೇಳದೆ ಮಂಡಿಯೂರಿದೆ. ಮಗನ ಕಾಲು ಎತ್ತಿಕೊಂಡರೆ ಹಿಮ್ಮಡಿ ಬಿರಿದಿತ್ತು, ಪಾದ ನನ್ನದಕ್ಕಿಂತ ಹೆಚ್ಚು ಊದಿತ್ತು. ಥಿನ್ನರ್ ಮುಟ್ಟದ ಕಾಲು.

“ಇದೇನ್ಲಾ?”

“ಡ್ಯೂಟಿ ಪೂರ್ತಿ ನಿಂತೇ ಇರ್ಬೇಕಲ್ಲ ನೈನಾ.”

“ಕುರ್ಚಿ ಇಲ್ವಾ?”

“ಅವೆ. ಪೇಷೆಂಟ್ ಕಡೆಯೋರು ಕೂತಿರ್ತಾರೆ.”

ನಾನು ನಿಧಾನವಾಗಿ ತೊಳೆದೆ. ಒರೆಸಿ ಮುತ್ತಿಡುವ ಪದ್ಧತಿ ಇದೆ. ಅವನು ತೊಟ್ಟಿಲಲ್ಲಿದ್ದಾಗ ಇಟ್ಟಿದ್ದು, ಮತ್ತೆ ಆವತ್ತೇ ಇಟ್ಟೆ. ಏಳಲು ಹೋದರೆ ಆಗಲಿಲ್ಲ. ಇಡೀ ಚರ್ಚಿನ ಮುಂದೆ ಅವನು ನನ್ನ ಕಂಕುಳಿಗೆ ಕೈ ಕೊಟ್ಟು, ವಾರ್ಡಿನ ಮುದುಕರಿಗೆ ಹೇಳುವಂತೆ, “ಮೂರು ಅಂದಾಗ ಎದ್ದೇಳ್ಬೇಕು, ಸರೀನಾ?” ಎಂದು ಎತ್ತಿ ನಿಲ್ಲಿಸಿದ.

ಪಟ್ಟಿ ಬಿಚ್ಚುವವರೆಗೆ ಅಂಗಡಿ ಮುಚ್ಚಿರಬೇಕಂತೆ, ಮಗನ ಆಜ್ಞೆ. ಡ್ಯೂಟಿ ಮುಗಿಸಿ ಬಂದು ನನ್ನೆದುರು ಕೂತು ಪಟ್ಟಿ ಬದಲಿಸುತ್ತಾನೆ, ಬೈಯುತ್ತಾನೆ. ನೇರವಾಗಿ ಬೈಯುತ್ತಾನೆ.

ಈಗ ನನ್ನ ಹತ್ತಿರ ಇರುವುದು: ಬಾಗಿಲು ಹಾಕಿದ ಅಂಗಡಿ ಒಂದು, ಹೆಂಡತಿ ಒಬ್ಬಳು, ಮಗ ಒಬ್ಬ, ಕಾಲುಗುರು ಒಂಬತ್ತು.