ತೂತಿಗೆ ಸಿಕ್ಕ ರಿಯಾಯಿತಿ

ನನ್ನ ಅಂಗಡಿಯ ಸಾಫ್ಟ್‌ವೇರ್‌ಗೆ ನಾನು ತೆತ್ತ ನಿಜವಾದ ಬೆಲೆ ವರ್ಷಕ್ಕೊಂದು ಡಬ್ಬಿ ನಾಗರಪಂಚಮಿಯ ಉಂಡಿ. ಕಾರಣ, ಚೌಕಾಸಿಯಲ್ಲಿ ನಾನು ಗೆದ್ದೆ!

ಇಳಕಲ್ಲಿನಲ್ಲಿ ನನ್ನದು ಸೀರೆ ಅಂಗಡಿ. ಹೆಗಲ ಮೇಲೆ ಗಂಟು ಹೊತ್ತು ಹುನಗುಂದದ ಸಂತೆಯಲ್ಲಿ ಮಾರಿ ಮೇಲೆ ಬಂದವನು. ಯಾವ ಗಿರಾಕಿಗೆ ಯಾವಾಗ ಎಂಥ ಸೀರೆ ಬೇಕೆಂದು ಮೊದಲೇ ಹೇಳುವ ಸಾಫ್ಟ್‌ವೇರ್ ಬಂದಾಗ, ತಲೆಯಲ್ಲಿದ್ದ ಗುಟ್ಟುಗಳನ್ನೆಲ್ಲ ಅದರ ಹೊಟ್ಟೆಗೆ ತುಂಬಿದೆ.

ಪಂಚಮಿಗೆ ಸ್ವಲ್ಪ ಮುಂಚೆ, ಅದನ್ನು ಮಾರಿದ ಮೇಡಂ ವಿದ್ಯಾಗಿರಿಯ ತಮ್ಮ ಆಫೀಸಿನಿಂದ ಫೋನ್ ಮಾಡಿದರು. "ಅಣ್ಣಾರ, ಸಾಫ್ಟ್‌ವೇರ್‌ನ್ಯಾಗ ಒಂದು ತೂತು ಸಿಕ್ಕೈತ್ರಿ. ಒಬ್ಬರ ಮಾಹಿತಿ ಇನ್ನೊಬ್ಬರಿಗೆ ಕಾಣತೈತಿ. ಅರ್ಧಾ ದಿನ ಬಂದ್ ಇಡ್ರಿ, ರಿಪೇರಿ ಮಾಡ್ತೇವಿ."

ಹಬ್ಬದ ವ್ಯಾಪಾರದಲ್ಲಿ ಬಂದ್!

"ತೂತು ಬಿದ್ದ ಸೀರಿ ನಾವು ಪೂರಾ ರೇಟಿಗೆ ಮಾರ್ತೇವೇನ್ರಿ? ರೇಟ್ ಇಳಸ್ರಿ, ತೂತು ಇರ್ಲಿ!"

"ಹಂಗಲ್ರಿ ಅಣ್ಣಾರ..."

ಕಡೆಗೆ ಅವರು ಸೋತು, "ಹಬ್ಬ ಆದಮ್ಯಾಲರೆ ರಿಪೇರಿ ಮಾಡಸ್ಕೋರಿ" ಎಂದು ರಿಯಾಯಿತಿ ಕೊಟ್ಟರು. ತೂತು ನನ್ನಲ್ಲೇ ಉಳಿಯಿತು.

ಮರುದಿನ ಗಿರಾಕಿಗಳಿಗೆಲ್ಲ ಹಬ್ಬದ ಶುಭಾಶಯದ ಲಿಂಕ್ ಕಳಿಸಿದೆ. ಅದರ ಕೊನೆಯ ಅಂಕಿ ಬದಲಿಸಿದರೆ ಪಕ್ಕದ ಗಿರಾಕಿಯ ಪುಟ ತೆರೆಯುತ್ತಿತ್ತು. ನನ್ನ ಟಿಪ್ಪಣಿ ಸಮೇತ!

ಮೊದಲು ಬಂದವರು ನಿವೃತ್ತ ಮಾಸ್ತರರು. "'ಹೊಂಟೆ ಅಂದ್ರ ಕರೀಬ್ಯಾಡ, ತಾನ ತಿರುಗಿ ಬರ್ತಾನ' ಅಂತ ನನ್ನ ಪುಟದಾಗ ಬರದೀಯಲ್ಲಲೇ! ಹೊಂಟೆ ನೋಡು!" ನಾನು ಕರೆಯಲಿಲ್ಲ. ಅವರು ತಿರುಗಿ ಬರಲಿಲ್ಲ.

ಅದರ ಮರುದಿನ ಬಂದಳು ನಮ್ಮ ಓಣಿಯ ಗಂಗಕ್ಕ. ತಮ್ಮಂದಿರಿಲ್ಲದ ಆಕೆ ನನ್ನನ್ನೇ ತಮ್ಮನೆಂದು ಪ್ರತಿ ಪಂಚಮಿಗೆ ಉಂಡಿ ಕಳಿಸುವವಳು. ಆಕೆಯ ಪುಟದಲ್ಲಿ ನಾನು ಬರೆದದ್ದು: 'ಮಗಳ ಸೀಮಂತದ ಕುಬಸಕ್ಕೆ ಹಸಿರು ಸೀರೆ, ಮೂರು ಸಲ. ಮೂರೂ ಸಲ ಬಸಿರು ನಿಲ್ಲಲಿಲ್ಲ. ಮತ್ತೆ ಬರುತ್ತಾಳೆ. ಚೌಕಾಸಿ ಮಾಡುವುದಿಲ್ಲ.'

"ಸೀರಿ ತಂದದ್ದು ಮಗಳಿಗೆ ಗೊತ್ತಿರಲಿಲ್ಲೋ ತಮ್ಮಾ. ಟ್ರಂಕಿನ ತಳದಾಗ ಮುಚ್ಚಿಟ್ಟಿದ್ದೆ. ನಿನ್ನೆ ಮೊಬೈಲ್‌ನ್ಯಾಗ ನನ್ನ ಪುಟಾ ಓದಿ, 'ಅವ್ವಾ, ಮೂರು ಸೀರಿ ಎಲ್ಲಿ ಅದಾವ?' ಅಂದ್ಳು."

ಮಡಿಕೆ ಬಿಚ್ಚದ ಮೂರು ಹಸಿರು ಸೀರೆಗಳನ್ನು ಗಂಗಕ್ಕ ನನ್ನ ಮುಂದಿಟ್ಟಳು. "ಮನ್ಯಾಗ ಇಟ್ಕೊಳ್ಳಾಕ ಆಗವಲ್ದು. ತಗೋ."

ಏನಾದರೂ ಹೇಳಬೇಕಿತ್ತು. ಇಷ್ಟು ವರ್ಷ ವಾಪಸು ಬಂದ ಸೀರೆ ಕಂಡೊಡನೆ ಹೇಳಿದ್ದನ್ನೇ ಬಾಯಿ ಹೇಳಿಬಿಟ್ಟಿತು.

"ಬಿಲ್ ಐತೇನಕ್ಕಾ?"

ಗಂಗಕ್ಕ ನನ್ನನ್ನು ನೋಡಿದಳು. ಸೀರೆ ಅಲ್ಲೇ ಬಿಟ್ಟು ಹೊರಟುಹೋದಳು.

ಒಳಗಿಂದ ನನ್ನ ಹೆಂಡತಿ ಅಂದಳು: "ಸಾಫ್ಟ್‌ವೇರ್ ಹಾಳಾಗಿ ಹೋಗ್ಲಿ. ಮೊದಲ ನಿಮ್ಮ ಬಾಯಿ ರಿಪೇರಿ ಮಾಡಸ್ಕೋರಿ."

ಮಧ್ಯಾಹ್ನವೇ ಅಂಗಡಿ ಬಂದ್ ಇಟ್ಟು ತೂತು ಮುಚ್ಚಿಸಿದೆ. ಅರ್ಧ ದಿನವೂ ಹಿಡಿಯಲಿಲ್ಲ! ಪಂಚಮಿ ಬಂತು. ಉಂಡಿ ಡಬ್ಬಿ ಬರಲಿಲ್ಲ.

ಆದ್ದರಿಂದ ಓದುಗರೇ, ಅನುಭವಸ್ಥನ ಮಾತು ಕೇಳಿ. ತೂತು ಇದೆ ಎಂದು ಯಾರಾದರೂ ಹೇಳಿದರೆ ರಿಯಾಯಿತಿ ಕೇಳಬೇಡಿ, ಸೂಜಿ-ದಾರ ಕೇಳಿ. ಗಿರಾಕಿಯ ಎದುರಿಗೆ ಓದಲಾಗದ್ದನ್ನು ಬರೆದಿಡಬೇಡಿ. ಇನ್ನು ಆ ಮೂರು ಸೀರೆ ಕಪಾಟಿನಲ್ಲೇ ಇವೆ. ಯಾರಾದರೂ ಬೆಲೆ ಕೇಳಿದರೆ ನನಗೆ ಹೇಳಲು ಬರುವುದಿಲ್ಲ. ಮೂವತ್ತು ವರ್ಷದ ವ್ಯಾಪಾರಿ ನಾನು!